ತಪ್ಪಿಲ್ಲದ ಕನ್ನಡದಲ್ಲಿ ಬರುವ ಮೋಸದ ಸಂದೇಶ: ಪತ್ತೆ ಹಚ್ಚುವುದು ಹೇಗೆ?

‘ಪ್ರೀತಿಯ ಗ್ರಾಹಕನೇ, ನಿಮ್ಮ ಖಾತೆ ಇಂದು ರಾತ್ರಿ ಮುಚ್ಚಿಕೊಳ್ಳಲ್ಪಡುವುದು’ ಎಂಬಂಥ ಸಂದೇಶ ಬಂದರೆ ಮೊದಲೆಲ್ಲ ನಗು ಬರುತ್ತಿತ್ತು. ಆ ಹರುಕು ಕನ್ನಡವೇ ನಮ್ಮನ್ನು ಕಾಯುತ್ತಿತ್ತು. ಈಗ ವಂಚಕರ ಕೈಗೂ ಎಐ ಸಿಕ್ಕಿದೆ. ಕಾಗುಣಿತ, ವಿಭಕ್ತಿ ಎರಡೂ ಸರಿ. ಎಲ್ಲಿಂದಲೋ ಸೋರಿದ ನಿಮ್ಮ ಹೆಸರು, ಶಾಖೆಯ ಹೆಸರೂ ಸರಿ. ಆದ್ದರಿಂದ ಭಾಷೆ ನೋಡಿ ಕಳ್ಳನನ್ನು ಹಿಡಿಯುವ ಅಭ್ಯಾಸ ಬಿಡಿ.

ಮೊದಲು ಲಿಂಕ್ ಓದಿ, ಒತ್ತಬೇಡಿ. ‘://’ ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು (/) ಹುಡುಕಿ, ಅಲ್ಲಿಂದ ಎಡಕ್ಕೆ ಓದುತ್ತಾ ಹೋಗಿ. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘.ಬ್ಯಾಂಕ್.ಇನ್’ (.bank.in) ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಪದ ನಡುವೆಲ್ಲೋ ಇದ್ದು, ಕೊನೆಯಲ್ಲಿ ‘.ಕೆವೈಸಿ.ಕಾಮ್’ ಎಂಬಂತಹ ಬಾಲವಿದ್ದರೆ ಅದು ಬ್ಯಾಂಕಿನ ಬಾಗಿಲಲ್ಲ. ಅಂಚೆ ವಿಳಾಸದಲ್ಲಿ ಜಿಲ್ಲೆ ಕೊನೆಗೆ ಬರುವಂತೆ ಇಲ್ಲಿಯೂ ನಿಜವಾದ ಠಿಕಾಣಿ ತುದಿಯಲ್ಲಿರುತ್ತದೆ.

ಟ್ರಾಫಿಕ್ ದಂಡದ ಚಲನ್, ಮದುವೆ ಆಮಂತ್ರಣ ಎಂದು ವಾಟ್ಸ್ಆ್ಯಪ್‌ಗೆ ಬರುವ ‘ಎಪಿಕೆ’ (ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಕೂರಿಸುವ) ಫೈಲನ್ನು ತೆರೆಯಲೇಬೇಡಿ. ಕಳುಹಿಸಿದವರು ಸೋದರಮಾವನೇ ಆದರೂ ಸರಿ. ಅವರ ಖಾತೆಯೇ ಕಳುವಾಗಿರಬಹುದು.

ಇನ್ನು ದನಿ ಮತ್ತು ಮುಖ. 2024ರ ಆರಂಭದಲ್ಲಿ ಅರುಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಕಾಂಗ್ ನೌಕರರೊಬ್ಬರಿಗೆ ಗುಟ್ಟಿನ ಹಣ ವರ್ಗಾವಣೆಯ ಸಂದೇಶ ಬಂತು. ಅವರಿಗೆ ಅನುಮಾನವೂ ಬಂದಿತ್ತು. ಆದರೆ ವಿಡಿಯೊ ಕರೆಯಲ್ಲಿ ಹಣಕಾಸು ಮುಖ್ಯಸ್ಥರೂ ಸಹೋದ್ಯೋಗಿಗಳೂ ಕಂಡಾಗ ನಂಬಿದರು. ಆ ಮುಖಗಳೆಲ್ಲ ಎಐ ಸೃಷ್ಟಿ. 15 ವರ್ಗಾವಣೆಗಳಲ್ಲಿ ಹೋದದ್ದು ಸುಮಾರು 20 ಕೋಟಿ ಹಾಂಕಾಂಗ್ ಡಾಲರ್.

ಹೀಗಾಗಿ, ಹಣದ ಮಾತು ಬಂದೊಡನೆ ಕರೆ ಕಡಿತಗೊಳಿಸಿ, ನಿಮ್ಮ ಫೋನಿನಲ್ಲಿ ಮೊದಲೇ ಇರುವ ಸಂಖ್ಯೆಗೆ ನೀವೇ ಕರೆ ಮಾಡಿ. ಮನೆಯವರು ಸೇರಿ ಒಂದು ಗುಟ್ಟಿನ ಪದವನ್ನೂ ಇಟ್ಟುಕೊಳ್ಳಬಹುದು. ನಮ್ಮದು ಅಜ್ಜಿಯ ಕಾಲದ ಹಸುವಿನ ಹೆಸರು. ಫೇಸ್‌ಬುಕ್‌ನಲ್ಲಿ ಅದರ ಸುಳಿವಿಲ್ಲ, ಇಲ್ಲಿಯೂ ಹೇಳಲಾರೆ.

ಎಐ ಕಾವಲಿಗೂ ನಿಂತಿದೆ. ಇಮೇಲ್ ಸೇವೆಗಳು ಕಳುಹಿಸಿದವರ ಚರಿತ್ರೆ, ಲಿಂಕಿನ ನಡವಳಿಕೆ, ಬರವಣಿಗೆಯ ಧಾಟಿ ಎಲ್ಲವನ್ನೂ ತೂಗಿ ಬಹುಪಾಲು ಮೋಸವನ್ನು ಸ್ಪ್ಯಾಮ್‌ಗೆ ತಳ್ಳುತ್ತವೆ. ವಾಟ್ಸ್ಆ್ಯಪ್ ಸಂದೇಶಗಳು ಮಾತ್ರ ಗೂಢಲಿಪಿಯಲ್ಲಿ ಸಾಗುವುದರಿಂದ ನಡುದಾರಿಯಲ್ಲಿ ಅವುಗಳನ್ನು ಓದಿ ಸೋಸುವವರಿಲ್ಲ. ನನಗೆ ಇಂಥ ಸೋಸುವಿಕೆಗಿಂತ ಹೆಚ್ಚು ಭರವಸೆ ಪಾಸ್‌ಕೀ ಮೇಲೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್ ಬಳಸಿ ಖಾತೆಗೆ ಲಾಗಿನ್ ಆಗುವ ಕ್ರಮವಿದು. ಇಮೇಲ್ ಖಾತೆಯ ಭದ್ರತೆ ವಿಭಾಗಕ್ಕೆ ಹೋಗಿ ಅದನ್ನು ಇಂದೇ ಚಾಲೂ ಮಾಡಿ. ನಕಲಿ ಜಾಲತಾಣ ಎಷ್ಟೇ ಅಚ್ಚುಕಟ್ಟಾಗಿರಲಿ, ವಿಳಾಸ ಬೇರೆಯಾದರೆ ಪಾಸ್‌ಕೀ ಕೆಲಸ ಮಾಡುವುದಿಲ್ಲ. ನಾವು ಮರುಳಾದರೂ ಅದು ಮರುಳಾಗದು.

ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯಲು ಅವು ಬೇಕು.