ಬಾಯಿ ಸುತ್ತಲಿನ ಗೆರೆಗೆ ಕೆನ್ನೆಯ ವ್ಯಾಯಾಮ: ಮಾಡುವ ಕ್ರಮ, ತಪ್ಪುವ ಕಡೆ

ಬಾಯಿ ಸುತ್ತಲಿನ ಸುಕ್ಕು ಕಡಿಮೆ ಮಾಡುತ್ತೇವೆಂದು ಹೇಳುವ ವಿಡಿಯೊಗಳಲ್ಲಿ ಬಹಳಷ್ಟು ಕಲಿಸುವುದು ಒಂದೇ ಕೆಲಸ: ತುಟಿಯನ್ನು ಮುಂದಕ್ಕೆ ಚಾಚಿ, ಹಿಂಡಿ, ಬಿಡುವುದು. ಮೇಲ್ದುಟಿಯ ಮೇಲೆ ನಿಂತ ಗೆರೆಗಳು ಮೂಡುವುದು ಈ ಹಿಂಡುವ ಚಲನೆಯಿಂದಲೇ. ಬೀಡಿ, ಸಿಗರೇಟು ಸೇದುವವರಿಗೆ ಆ ಗೆರೆ ಬೇಗ ಬರಲು ಹೊಗೆಯ ಜೊತೆಗೆ ತುಟಿಯ ಈ ಹಿಂಡಾಟವೂ ಕಾರಣ. ಹಾಗಾಗಿ ವ್ಯಾಯಾಮ ಶುರು ಮಾಡುವ ಮೊದಲು ಒಂದು ನಿಯಮ ಗಟ್ಟಿಯಾಗಬೇಕು. ಸ್ನಾಯು ದುಡಿಯಲಿ, ಅದರ ಮೇಲಿನ ಚರ್ಮ ಮಡಿಸಿಕೊಳ್ಳದಿರಲಿ. ಕೆಳಗಿನ ಪ್ರತಿ ಹಂತದಲ್ಲೂ ಬೆರಳು ಎಲ್ಲಿರಬೇಕು, ತುಟಿ ಹೇಗಿರಬೇಕು ಎಂದು ಹೇಳಿರುವುದು ಇದೇ ಕಾರಣಕ್ಕೆ.

ಕೈಕಾಲಿನ ಸ್ನಾಯುಗಳು ಮೂಳೆಯಿಂದ ಮೂಳೆಗೆ ಅಂಟಿಕೊಂಡಿರುತ್ತವೆ. ಮುಖದ ಹೆಚ್ಚಿನ ಸ್ನಾಯುಗಳು ಹಾಗಿಲ್ಲ. ಒಂದು ತುದಿ ಮೂಳೆಯಲ್ಲಿದ್ದರೆ ಇನ್ನೊಂದು ತುದಿ ಚರ್ಮದಲ್ಲೇ ಸೇರಿರುತ್ತದೆ. ಬಾಯಿಯ ಸುತ್ತ ಉಂಗುರಾಕಾರದ ಒಂದು ಸ್ನಾಯು ಇದೆ. ಅದು ಬಿಗಿದರೆ, ಲಂಗದ ಲಾಡಿ ಎಳೆದಾಗ ಬಟ್ಟೆ ನಿರಿಗೆಗಟ್ಟುವ ಹಾಗೆ, ತುಟಿಯ ಸುತ್ತಲಿನ ಚರ್ಮ ನಿರಿಗೆಯಾಗುತ್ತದೆ. ಕೆನ್ನೆಮೂಳೆಯಿಂದ ಓರೆಯಾಗಿ ಕಟವಾಯಿಗೆ ಇಳಿಯುವ ಸ್ನಾಯುಗಳು ಬೇರೆ. ನಕ್ಕಾಗ ಕೆನ್ನೆಯನ್ನು ಎತ್ತುವುದು ಅವು. ನಮ್ಮ ಶ್ರಮ ಹೆಚ್ಚು ಸಲ್ಲಬೇಕಾದದ್ದು ಅವುಗಳಿಗೆ.

ಮೊದಲು ಗೆರೆ ಯಾವುದೆಂದು ನೋಡಿಕೊಳ್ಳಿ

ಹಗಲಿನಲ್ಲಿ ಕಿಟಕಿಗೆ ಎದುರಾಗಿ ನಿಂತು, ಮುಖ ಸಡಿಲ ಬಿಟ್ಟು ಕನ್ನಡಿ ನೋಡಿ. ಮೂಗಿನ ಪಕ್ಕದಿಂದ ಕಟವಾಯಿಯವರೆಗೆ ಇಳಿಯುವುದು ನಗುಗೆರೆ. ಕಟವಾಯಿಯಿಂದ ಗದ್ದದ ಕಡೆಗೆ ಇಳಿಯುವುದು ಎರಡನೆಯದು. ಇದಿದ್ದರೆ ಸುಮ್ಮನೆ ಕೂತಾಗಲೂ ಮುಖ ಬೇಸರದಲ್ಲಿದ್ದಂತೆ ಕಾಣುತ್ತದೆ. ಮೇಲ್ದುಟಿಯ ಮೇಲೆ ನೇರ ನಿಂತ ಸಣ್ಣ ಗೆರೆಗಳು ಮೂರನೆಯವು.

ಈಗ ಮಂಚದ ಮೇಲೆ ಅಂಗಾತ ಮಲಗಿ, ಕೈಗನ್ನಡಿಯನ್ನು ಮುಖದ ಮೇಲೆ ಹಿಡಿದು ಮತ್ತೆ ನೋಡಿ. ಕೆನ್ನೆಯ ಭಾರ ಕಿವಿಯ ಕಡೆ ಸರಿಯುತ್ತದೆ. ನಗುಗೆರೆ ಆಗ ಬಹುಪಾಲು ಮಾಯವಾದರೆ, ಅದು ಕೆನ್ನೆ ಇಳಿದು ಬಿದ್ದ ಮಡಿಕೆ. ವ್ಯಾಯಾಮದಿಂದ ಏನಾದರೂ ಪ್ರಯೋಜನವಾಗುವುದು ಇಂಥದ್ದಕ್ಕೆ. ಮಲಗಿದಾಗಲೂ, ಎರಡು ಬೆರಳಿನಿಂದ ಚರ್ಮ ಹಿಗ್ಗಿಸಿದಾಗಲೂ ಗೆರೆ ಗೀರಿನಂತೆ ಉಳಿದರೆ ಅದು ಚರ್ಮದೊಳಗೇ ಇಳಿದಿದೆ ಎಂದರ್ಥ. ಸ್ನಾಯುವಿನ ಕೆಲಸ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಬೇಕಾದದ್ದು ಬಿಸಿಲಿನಿಂದ ರಕ್ಷಣೆ, ರಾತ್ರಿಯ ಕ್ರೀಮು, ಇಲ್ಲವೇ ಚರ್ಮವೈದ್ಯರ ಚಿಕಿತ್ಸೆ.

ಎಷ್ಟು ಫಲ ನಿರೀಕ್ಷಿಸಬಹುದು

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚರ್ಮತಜ್ಞರು ಇದನ್ನು ಪರೀಕ್ಷೆಗೆ ಒಡ್ಡಿ, 2018ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 40ರಿಂದ 65 ವರ್ಷದ 27 ಮಹಿಳೆಯರು ಸೇರಿದ್ದರು. ಮೊದಲ 8 ವಾರ ದಿನಾ 30 ನಿಮಿಷ, ನಂತರ 20ನೇ ವಾರದವರೆಗೆ ದಿನ ಬಿಟ್ಟು ದಿನ ವ್ಯಾಯಾಮ. ಕೊನೆವರೆಗೆ ಉಳಿದವರು 16 ಮಂದಿ. ಫೋಟೊ ಯಾವಾಗ ತೆಗೆದದ್ದೆಂದು ಗೊತ್ತಿಲ್ಲದ ವೈದ್ಯರು ಅವರ ವಯಸ್ಸನ್ನು ಅಂದಾಜಿಸಿದರು: ಆರಂಭದಲ್ಲಿ ಸರಾಸರಿ 50.8, ಕೊನೆಗೆ 48.1. ಕೆನ್ನೆಯ ಮೇಲ್ಭಾಗ ಮತ್ತು ಕೆಳಭಾಗದ ತುಂಬಿಕೆಯಲ್ಲಿ ಹೆಚ್ಚಳ ಸ್ಪಷ್ಟವಾಗಿತ್ತು. ವ್ಯಾಯಾಮ ಮಾಡದವರ ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ, ಸಂಖ್ಯೆಯೂ ಚಿಕ್ಕದು. ಆದರೂ ಫಲಿತಾಂಶ ದಾರಿ ತೋರಿಸುತ್ತದೆ. ಗೆರೆಯ ಮೇಲೇ ಗುದ್ದಾಡುವುದಕ್ಕಿಂತ ಅದರ ಮೇಲಿನ ಕೆನ್ನೆಯನ್ನು ತುಂಬಿಸುವುದು ಒಳ್ಳೆಯದು. ಇಪ್ಪತ್ತು ವಾರಕ್ಕೆ ಮೂರು ವರ್ಷವೂ ಪೂರ್ತಿ ಕಡಿಮೆಯಾಗದ ಅಂದಾಜು ಅದು. ಏಳು ದಿನದಲ್ಲಿ ಹತ್ತು ವರ್ಷ ಚಿಕ್ಕವರಾಗುತ್ತೀರಿ ಎನ್ನುವವರ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ತಯಾರಿ

ಕೈಯನ್ನು ಸೋಪಿನಿಂದ ತೊಳೆಯಿರಿ, ಉಗುರು ಕತ್ತರಿಸಿರಲಿ. ಮುಖ ತೊಳೆದು ಒರೆಸಿಕೊಳ್ಳಿ. ಎಣ್ಣೆ, ಕ್ರೀಮು ಈಗ ಬೇಡ. ಬೆರಳು ಜಾರಿದರೆ ಚರ್ಮವನ್ನು ಹಿಡಿದು ನಿಲ್ಲಿಸಲಾಗದು. ಬೆನ್ನು ನೆಟ್ಟಗಿಟ್ಟು, ಭುಜ ಇಳಿಬಿಟ್ಟು, ಕನ್ನಡಿ ಕಣ್ಣಿನ ಮಟ್ಟದಲ್ಲಿರುವಂತೆ ಕೂರಿ. ಮೊದಲ ಎರಡು ಮೂರು ವಾರ ಕನ್ನಡಿ ಇಲ್ಲದೆ ಮಾಡಲೇಬೇಡಿ. ಟಿವಿ ನೋಡುತ್ತಾ ಮಾಡಿದರೆ ಹಣೆ, ಹುಬ್ಬು, ಕಣ್ಣು ಎಲ್ಲವೂ ಸುಕ್ಕಾಗುವುದು ಗೊತ್ತೇ ಆಗುವುದಿಲ್ಲ. ಹಲ್ಲಿನ ಸೆಟ್ ಹಾಕುವವರು, ಅದು ಸರಿಯಾಗಿ ಕೂರುವಂತಿದ್ದರೆ, ಹಾಕಿಕೊಂಡೇ ಮಾಡಿ. ಅಲ್ಲಾಡುವ ಸೆಟ್ ಆಗಿದ್ದರೆ ಮೊದಲು ದಂತವೈದ್ಯರಲ್ಲಿ ಸರಿಪಡಿಸಿಕೊಳ್ಳಿ. ಹಲ್ಲು ಉದುರಿ ದವಡೆ ಮೂಳೆ ಸವೆದಾಗ ತುಟಿಗೆ ಆಸರೆ ತಪ್ಪಿ ಒಳಕ್ಕೆ ಮಡಿಚಿಕೊಳ್ಳುತ್ತದೆ. ಅಂಥವರಿಗೆ ಯಾವ ವ್ಯಾಯಾಮಕ್ಕಿಂತಲೂ ಒಳ್ಳೆಯ ಸೆಟ್ ಕೊಡುವ ಫಲ ದೊಡ್ಡದು.

1. ಕೆನ್ನೆ ಎತ್ತುವುದು

ಒಂದನ್ನೇ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ. ಬಾಯನ್ನು ಉದ್ದಕ್ಕೆ, ಅಂಡಾಕಾರವಾಗಿ ತೆರೆಯಿರಿ. ಹಲ್ಲಿನ ಸಾಲುಗಳ ನಡುವೆ ಎರಡು ಬೆರಳಿನ ಅಂತರ ಸಾಕು. ಮೇಲ್ದುಟಿಯನ್ನು ಮೇಲಿನ ಹಲ್ಲುಗಳ ಅಂಚಿನ ಮೇಲೆ ಒಳಕ್ಕೆ ಹೊದಿಸಿ. ತುಟಿ ಹೀಗೆ ಹಿಗ್ಗಿ ನಿಂತಾಗ ಅದರ ಮೇಲಿನ ಚರ್ಮ ಚಪ್ಪಟೆಯಾಗುತ್ತದೆ, ನಿಂತ ಗೆರೆಗಳು ಮೂಡುವುದಿಲ್ಲ.

ತೋರುಬೆರಳುಗಳನ್ನು ಎರಡೂ ಕೆನ್ನೆಯ ಮೇಲ್ಭಾಗದಲ್ಲಿ, ಕಣ್ಣಿನ ಕೆಳಗಿನ ಮೂಳೆಯಂಚಿನಿಂದ ಒಂದು ಬೆರಳಗಲ ಕೆಳಗೆ ಒತ್ತದೆ ಇಡಿ. ಈಗ ನಗಲು ಹೊರಟಂತೆ ಕೆನ್ನೆಯನ್ನಷ್ಟೇ ಮೇಲಕ್ಕೆ ತನ್ನಿ. ಬೆರಳ ತುದಿಯ ಕೆಳಗೆ ಸ್ನಾಯು ಉಬ್ಬಿ ಗಟ್ಟಿಯಾಗುವುದು ತಿಳಿಯಬೇಕು. ತಿಳಿಯದಿದ್ದರೆ ನೀವು ಎತ್ತುತ್ತಿರುವುದು ಕೆನ್ನೆಯನ್ನಲ್ಲ, ತುಟಿಯನ್ನು. ಒಂದು ಎಣಿಸುವಷ್ಟರಲ್ಲಿ ಎತ್ತಿ, ಎರಡು ಎಣಿಸುತ್ತಾ ಇಳಿಸಿ. ಬೆರಳು ಎತ್ತಲು ನೆರವಾಗಬಾರದು, ಅದು ಸ್ನಾಯು ಎದ್ದಿತೇ ಎಂದು ನೋಡಲು ಮಾತ್ರ. 10 ಸಲ ಮಾಡಿ. ಹತ್ತನೆಯ ಸಲ ಮೇಲೆಯೇ 20 ಸೆಕೆಂಡು ಹಿಡಿದು ಬಿಡಿ. ಅರ್ಧ ನಿಮಿಷ ಬಿಡುವು ಕೊಟ್ಟು ಇನ್ನೆರಡು ಸುತ್ತು.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಕೆನ್ನೆ ಎದ್ದಾಗ ಕಣ್ಣೂ ಕಿರಿದಾಗಿ, ಕಣ್ಣಿನ ಹೊರಮೂಲೆಯಲ್ಲಿ ನಿರಿಗೆ ಬರುತ್ತದೆ. ದೃಷ್ಟಿಯನ್ನು ಸ್ವಲ್ಪ ಮೇಲಿಟ್ಟು, ನಡುಬೆರಳನ್ನು ಆ ಮೂಲೆಯ ಮೇಲೆ ಹಗುರವಾಗಿ ಇಟ್ಟರೆ ನಿಲ್ಲುತ್ತದೆ. ಎರಡನೆಯದು ನಗುಗೆರೆಯೇ. ನಗುವಿನ ಸ್ನಾಯು ಎಳೆದಾಗ ಆ ಮಡಿಕೆ ಆಳವಾಗುವುದು ಸಹಜ. ಮೇಲ್ದುಟಿ ಹಲ್ಲಿನ ಮೇಲೆ ಬಿಗಿಯಾಗಿದ್ದರೆ ಮಡಿಕೆ ಅರೆಯಾಗುತ್ತದೆ. ಅಷ್ಟಾದರೂ ಕಂಡರೆ ಉಂಗುರ ಬೆರಳನ್ನು ಗೆರೆಯ ಮೇಲೆ ಉದ್ದಕ್ಕೆ ಮಲಗಿಸಿ ಚರ್ಮವನ್ನು ಚಪ್ಪಟೆ ಹಿಡಿಯಿರಿ. ಮೊದಮೊದಲು ಹಿಡಿದಾಗ ಕೆನ್ನೆ ಅದುರುತ್ತದೆ. ಅದು ದಣಿವು, ಹೆದರಬೇಕಿಲ್ಲ. ಅದುರು ಜೋರಾದರೆ 10 ಸೆಕೆಂಡಿಗೆ ಇಳಿಸಿ. ಒಂದು ಕೆನ್ನೆ ಇನ್ನೊಂದಕ್ಕಿಂತ ಕಡಿಮೆ ಏಳುವುದು ಬಹಳ ಜನರಲ್ಲಿ ಇದೆ. ಬಲ ಕಡಿಮೆಯಿರುವ ಕಡೆಯ ಎತ್ತರಕ್ಕೆ ಇನ್ನೊಂದನ್ನೂ ಮಿತಿಗೊಳಿಸಿ.

2. ಹೆಬ್ಬೆರಳಿನ ತಡೆ

ಕಟವಾಯಿಯ ಒಳಗೆ, ಕೆನ್ನೆಯ ಒಳಬದಿಗೆ ಬಲಗೈ ಹೆಬ್ಬೆರಳಿನ ಮೊದಲ ಗೆಣ್ಣು ಒಳಹೋಗುವಷ್ಟು ಇಡಿ. ಬಲಗೈಯಿಂದ ಎಡ ಕೆನ್ನೆ, ಎಡಗೈಯಿಂದ ಬಲ ಕೆನ್ನೆ ಅನುಕೂಲ. ಹೆಬ್ಬೆರಳು ಕೆನ್ನೆಯನ್ನು ಹೊರಕ್ಕೆ ಅರ್ಧ ಬೆರಳಗಲ ತಳ್ಳಿ ಹಿಡಿದಿರಲಿ. ಕೆನ್ನೆ ಅದನ್ನು ಹಲ್ಲಿನ ಕಡೆಗೆ ಅದುಮಲಿ. 5 ಸೆಕೆಂಡು ಅದುಮಿ, 5 ಸೆಕೆಂಡು ಸಡಿಲ. ಪ್ರತಿ ಕಡೆ 8 ಸಲ. ಇಲ್ಲಿ ಚರ್ಮ ಹಿಗ್ಗಿರುವ ಸ್ಥಿತಿಯಲ್ಲೇ ಸ್ನಾಯು ದುಡಿಯುವುದರಿಂದ ನಿರಿಗೆಯ ಭಯವಿಲ್ಲ. ಹೊರಕ್ಕೆ ಎಳೆದಾಡಬೇಡಿ, ಬೆರಳು ತಡೆ ಮಾತ್ರ. ಬಾಯಿಹುಣ್ಣು ಇದ್ದಾಗ, ಕಟವಾಯಿ ಒಡೆದಿದ್ದಾಗ ಇದನ್ನು ಬಿಟ್ಟುಬಿಡಿ.

3. ಗಾಳಿ ತುಂಬುವುದು

ಮೇಲ್ದುಟಿಯ ಗೆರೆ ಇರುವವರಿಗೆ ಇದು. ತುಟಿಯನ್ನು ಚಾಚದೆ, ಸುಮ್ಮನೆ ಮುಚ್ಚಿ ಬಾಯಿ ತುಂಬ ಗಾಳಿ ತೆಗೆದುಕೊಳ್ಳಿ. ಗಾಳಿಯನ್ನು ಎಡಕೆನ್ನೆಗೆ 5 ಸೆಕೆಂಡು, ಬಲಕ್ಕೆ 5, ಮೇಲ್ದುಟಿಯ ಹಿಂದಕ್ಕೆ 5, ಕೆಳದುಟಿಯ ಹಿಂದಕ್ಕೆ 5. ಮೂಗಿನಿಂದ ಉಸಿರಾಡುತ್ತಿರಿ. ಇಂಥ ಸುತ್ತು 5. ಗಾಳಿ ಸೋರುತ್ತಿದ್ದರೆ ತುಟಿಯನ್ನು ಇನ್ನಷ್ಟು ಬಿಗಿಯಬೇಡಿ, ಗಾಳಿಯನ್ನೇ ಕಡಿಮೆ ಮಾಡಿ. ಹಲ್ಲು ಕೀಳಿಸಿಕೊಂಡವರು, ಸೈನಸ್ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಒಪ್ಪುವವರೆಗೆ ಮಾಡಬಾರದು.

4. ಕಟವಾಯಿ ಎತ್ತುವುದು

ಬಾಯಿ ಮುಚ್ಚಿ, ಹಲ್ಲು ಹಲ್ಲಿಗೆ ತಾಗದಂತೆ ಬಿಡಿ. ಎರಡೂ ಕಟವಾಯಿಗಳನ್ನು ಒಂದು ಎಳ್ಳುಕಾಳಿನಷ್ಟು ಮೇಲಕ್ಕೆ ಎತ್ತಿ 10 ಸೆಕೆಂಡು ಹಿಡಿಯಿರಿ, 10 ಸಲ. ಚಲನೆ ಸಣ್ಣದಿದ್ದಷ್ಟೂ ಒಳ್ಳೆಯದು. ತುಟಿ ಅಗಲವಾಯಿತೆಂದರೆ ಬೇರೆ ಸ್ನಾಯು ಕೆಲಸ ಕಸಿದುಕೊಂಡಿದೆ. ಗದ್ದದ ಮೇಲೆ ಗುಳಿಗುಳಿ ಕಂಡರೆ ಅಲ್ಲಿನ ಸ್ನಾಯು ಬಿಗಿದಿದೆ, ಬೆರಳಿಟ್ಟು ಸಡಿಲಿಸಿ.

ಕಟವಾಯಿಯನ್ನು ಕೆಳಕ್ಕೆ ಎಳೆಯುವ ಸ್ನಾಯುವನ್ನು ಬಲಪಡಿಸುವ ಯಾವ ವ್ಯಾಯಾಮವೂ ಬೇಡ. ಕೆಳದುಟಿಯನ್ನು ಕೆಳಗೆಳೆದು ಕತ್ತಿನ ನರ ಉಬ್ಬಿಸುವ ಭಂಗಿಯನ್ನು ಗದ್ದಕ್ಕೆಂದು ಹೇಳಿಕೊಡುತ್ತಾರೆ. ಬಾಯಿ ಸುತ್ತ ಇಳಿಗೆರೆ ಇದ್ದವರಿಗೆ ಅದು ಹೊಂದುವುದಿಲ್ಲ. ಸಿಂಹಾಸನದಂಥ ಯೋಗಾಸನವನ್ನು ಅದರದೇ ಕಾರಣಗಳಿಗಾಗಿ ಮಾಡುವವರು ಮುಂದುವರಿಸಬಹುದು, ಗೆರೆಗೆಂದು ಅದನ್ನು ಸೇರಿಸಿಕೊಳ್ಳಬೇಕಿಲ್ಲ.

5. ಕೊನೆಗೆ ಸಡಿಲಿಸುವುದು

ಈಗ ಎಣ್ಣೆಯ ಸಮಯ. ಎರಡು ಮೂರು ಹನಿ ಕೊಬ್ಬರಿ ಎಣ್ಣೆ ಸಾಕು. ಮೊಡವೆ ಬರುವ ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಗ್ಗದು, ಅವರು ಮಾಮೂಲಿ ಮಾಯಿಶ್ಚರೈಸರ್ ಬಳಸಲಿ. ಕಟವಾಯಿಯಿಂದ ಕೆನ್ನೆಮೂಳೆಯ ಕಡೆಗೆ, ಗದ್ದದಿಂದ ಕಿವಿಯ ಕಡೆಗೆ ಬೆರಳನ್ನು ನಿಧಾನ ಸರಿಸಿ. ಒಂದು ನಿಮಿಷದಲ್ಲಿ ಮುಗಿಸಿ. ಚರ್ಮ ಕೆಂಪಾಗುವಷ್ಟು ಉಜ್ಜಿದರೆ ಕಪ್ಪು ಕಲೆ ಉಳಿಯಬಹುದು, ನಮ್ಮ ಮೈಬಣ್ಣದಲ್ಲಿ ಇದು ಬೇಗ ಆಗುತ್ತದೆ.

ಎಷ್ಟು ದಿನ, ಹೇಗೆ ಅಳೆಯುವುದು

ಇವೆಲ್ಲಕ್ಕೂ ಸೇರಿ 15 ರಿಂದ 20 ನಿಮಿಷ ಬೇಕು. ಮೊದಲ 8 ವಾರ ದಿನಾ, ಆಮೇಲೆ ದಿನ ಬಿಟ್ಟು ದಿನ. ಬಿಟ್ಟರೆ ಸ್ನಾಯು ಮತ್ತೆ ಸೊರಗುತ್ತದೆ. ನೋವು ಬಂದ ದಿನ ನಿಲ್ಲಿಸಿ. ಮಾಡುವಾಗ ತಲೆನೋವು ಬರುವವರು ಸಾಮಾನ್ಯವಾಗಿ ಹಲ್ಲು ಕಚ್ಚಿ, ಉಸಿರು ಹಿಡಿದು ಮಾಡುತ್ತಿರುತ್ತಾರೆ.

ಬದಲಾವಣೆ ದಿನದಿನಕ್ಕೆ ಕಾಣದು, ಫೋಟೊ ಬೇಕು. ಬೆಳಗ್ಗೆ ಎದ್ದಾಗ ಮುಖ ಸ್ವಲ್ಪ ಊದಿರುತ್ತದೆ, ಗೆರೆ ಕಡಿಮೆ ಕಾಣುತ್ತದೆ. ಮೊದಲ ಫೋಟೊ ಸಂಜೆ, ಎರಡನೆಯದು ಬೆಳಗ್ಗೆ ತೆಗೆದರೆ ಏನೂ ಮಾಡದೆಯೇ ಫಲ ಕಂಡೀತು! ಹಾಗಾಗಿ ಅದೇ ಹೊತ್ತು, ಅದೇ ಕಿಟಕಿ, ನಗದ ಮುಖ. ಮೊಬೈಲನ್ನು ಹತ್ತಿರ ಹಿಡಿದು ಸೆಲ್ಫಿ ತೆಗೆದರೆ ಮೂಗು ಉಬ್ಬಿ ಕೆನ್ನೆ ಸೊರಗಿದಂತೆ ಬರುತ್ತದೆ. ಒಂದೂವರೆ ಮೀಟರ್ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ಇನ್ನೊಬ್ಬರಿಂದ ತೆಗೆಸಿ, ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಆರಂಭ, 8ನೇ ವಾರ, 20ನೇ ವಾರ ಸಾಕು.

ವ್ಯಾಯಾಮದ ಕೈಗೆ ಸಿಗದ್ದು

ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ, ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಅದರ ಮೇಲೆ ಬಿಸಿಲು. ಬೆಳಗ್ಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳಿನ ಉದ್ದಕ್ಕೆ ಹಿಂಡಿಕೊಂಡು ಮುಖ, ಕುತ್ತಿಗೆಗೆ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೇಲ್ದುಟಿಯ ಅಂಚನ್ನು ಹೆಚ್ಚಿನವರು ಮರೆಯುತ್ತಾರೆ, ಗೆರೆ ಬರುವುದು ಅಲ್ಲೇ. ರಾತ್ರಿ ರೆಟಿನಾಲ್ (ವಿಟಮಿನ್ ಎಯ ಒಂದು ರೂಪ) ಕ್ರೀಮನ್ನು ಬಟಾಣಿ ಕಾಳಿನಷ್ಟು, ಮೊದಲು ವಾರಕ್ಕೆ ಎರಡೇ ರಾತ್ರಿ ಬಳಸಬಹುದು. ಕಟವಾಯಿಗೆ ತಾಗಿದರೆ ಸಿಪ್ಪೆ ಏಳುತ್ತದೆ, ಅಲ್ಲಿಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಹಚ್ಚಿ. ಗರ್ಭಿಣಿಯರಿಗೆ ರೆಟಿನಾಲ್ ಬೇಡವೇ ಬೇಡ.

ಯಾರು ಮಾಡಬಾರದು

ಬೊಟಾಕ್ಸ್ ಚುಚ್ಚಿಸಿಕೊಂಡವರು, ಚರ್ಮದಡಿ ಜೆಲ್‌ನಂಥ ಫಿಲ್ಲರ್ ತುಂಬಿಸಿಕೊಂಡವರು ಅದನ್ನು ಮಾಡಿದ ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸಿ ಗೆರೆ ಇಳಿಸುತ್ತದೆ, ವ್ಯಾಯಾಮ ಅದಕ್ಕೆ ವಿರುದ್ಧ. ದವಡೆಯ ಕೀಲು ಕಟಕಟ ಎನ್ನುವವರು, ಬಾಯಿ ತೆರೆದಾಗ ನೋವಿರುವವರು ಮೊದಲನೆಯದನ್ನು ಬಿಡಿ. ಮುಖದ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಫಿಸಿಯೊಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮವೇ ಬೇರೆ. ತಮ್ಮಷ್ಟಕ್ಕೆ ಬಲವಾಗಿ ಮಾಡಿದರೆ, ನಗಲು ಹೋದಾಗ ಕಣ್ಣು ಮುಚ್ಚಿಕೊಳ್ಳುವಂಥ ತಪ್ಪು ಚಲನೆ ಬೇರೂರಬಹುದು. ಒಂದು ಕಡೆಯ ಬಾಯಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಅದು ಸುಕ್ಕಿನ ವಿಷಯವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎಲೆ ಅಡಿಕೆ, ಗುಟ್ಕಾ ಜಗಿಯುವವರು ಇನ್ನೊಂದನ್ನು ನೋಡಿಕೊಳ್ಳಿ. ಬಾಯಿ ಪೂರ್ತಿ ತೆರೆದಾಗ ನಿಮ್ಮದೇ ಮೂರು ಬೆರಳು ಒಂದರ ಕೆಳಗೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಬದಿ ಬಿಳುಪಾಗಿ ಬಿಗಿದಿರಬಹುದು. ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ ಅದು. ಜಗಿಯುವುದನ್ನು ಅಂದೇ ನಿಲ್ಲಿಸಿ ದಂತವೈದ್ಯರಿಗೆ ತೋರಿಸಿ; ಕೆನ್ನೆಯ ವ್ಯಾಯಾಮ ಅವರು ನೋಡಿದ ಮೇಲೆ.