ಭೂಗೋಳ ಪಾಠಕ್ಕೆ ಗ್ಲೋಬ್ ಕೊನೆಗೆ ತನ್ನಿ

ಐದನೇ ಕ್ಲಾಸಿಗೆ ಭೂಗೋಳ ಶುರು ಮಾಡುವಾಗ ನಾನೂ ಮೊದಲು ಬೀರುವಿನಿಂದ ಗ್ಲೋಬ್ ತೆಗೆಯುತ್ತಿದ್ದೆ. ಧೂಳು ಒರೆಸಿ ಮೇಜಿನ ಮೇಲಿಟ್ಟು, ಇದು ಸಮಭಾಜಕ ವೃತ್ತ, ಇದು ಕರ್ಕಾಟಕ ಸಂಕ್ರಾಂತಿ ವೃತ್ತ ಅಂತ ಬೆರಳಿಟ್ಟು ತೋರಿಸುತ್ತಿದ್ದೆ. ಮಕ್ಕಳು ಅದನ್ನು ಗಿರಗಿರ ತಿರುಗಿಸಿ ಖುಷಿಪಟ್ಟು, ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮರೆತಿರುತ್ತಿದ್ದರು. ಒಂದು ದಿನ ಹುಡುಗನೊಬ್ಬನಿಗೆ "ನಿಮ್ಮನೆ ಶಾಲೆಯಿಂದ ಯಾವ ದಿಕ್ಕಿಗಿದೆ?" ಅಂತ ಕೇಳಿದೆ. "ಕೆಳಗಡೆ ಸಾ" ಅಂದ. ಮಕರ ಸಂಕ್ರಾಂತಿ ವೃತ್ತ ಎಷ್ಟು ಡಿಗ್ರಿ ಅಂದರೆ ಮಾತ್ರ ಬಾಯಿಪಾಠ, ಇಪ್ಪತ್ತಮೂರೂವರೆ.

ಆಮೇಲೆ ಕ್ರಮವನ್ನೇ ತಿರುಗಿಸಿದೆ. ಅಂಗಳದಿಂದ ಶುರು, ಗ್ಲೋಬ್ ಕೊನೆಗೆ. ಮಕ್ಕಳ ಕೈಗೆ ಎರಡೇ ಪ್ರಶ್ನೆ ಕೊಡಿ: ಅದು ಎಲ್ಲಿದೆ? ಯಾಕೆ ಅಲ್ಲೇ ಇದೆ? ಕೆರೆ ಯಾಕೆ ಊರಿನ ಆ ಕಡೆಗೇ ಇದೆ, ಸಂತೆ ಯಾಕೆ ಪಕ್ಕದೂರಲ್ಲೇ ಸೇರುತ್ತದೆ, ಬಸ್ಸು ಯಾಕೆ ಸುತ್ತಿ ಬಳಸಿ ಬರುತ್ತದೆ. ನಾನಿರುವುದು ಹಾಸನ ಜಿಲ್ಲೆಯಲ್ಲಿ, ಹಾಗಾಗಿ ಕೆಳಗಿನ ಉದಾಹರಣೆಗಳು ಜಾಸ್ತಿ ಈ ಕಡೆಯವು. ನಿಮ್ಮೂರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಮೊದಲು ಒಂದು ಕೋಲು

ಶಾಲೆ ಅಂಗಳದಲ್ಲಿ ಸಮತಟ್ಟಾದ ಜಾಗ ನೋಡಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನೆಡಿ. ಬುಡಕ್ಕೆ ಹಗ್ಗ ಕಟ್ಟಿ ಅದನ್ನೇ ಕೈವಾರದ ಹಾಗೆ ತಿರುಗಿಸಿ ಮೂರು ನಾಲ್ಕು ವೃತ್ತ ಎಳೆಯಿರಿ, ಸಣ್ಣದು ದೊಡ್ಡದು. ಬೆಳಿಗ್ಗೆ ನೆರಳಿನ ತುದಿ ಚಿಕ್ಕದಾಗುತ್ತಾ ಬಂದು ಒಂದೊಂದೇ ವೃತ್ತವನ್ನು ಮುಟ್ಟುತ್ತದೆ, ಮುಟ್ಟಿದ ಕಡೆ ಕಲ್ಲಿಡಿ. ಮಧ್ಯಾಹ್ನದ ಮೇಲೆ ಅದೇ ನೆರಳು ಉದ್ದವಾಗುತ್ತಾ ಹೋಗಿ ಅದೇ ವೃತ್ತಗಳನ್ನು ಇನ್ನೊಂದು ಬದಿಯಲ್ಲಿ ಮುಟ್ಟುತ್ತದೆ, ಅಲ್ಲೂ ಕಲ್ಲಿಡಿ. ಒಂದೇ ವೃತ್ತದ ಎರಡು ಕಲ್ಲುಗಳನ್ನು ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ-ಪಶ್ಚಿಮ. ಬೆಳಗಿನ ಕಲ್ಲು ಪಶ್ಚಿಮದ್ದು. ಒಂದೇ ವೃತ್ತ ಎಳೆದು ಕೂತರೆ ಸರಿಯಾಗಿ ಆ ಹೊತ್ತಿಗೆ ಮೋಡ ಬರುತ್ತದೆ, ಅದಕ್ಕೇ ಮೂರು ನಾಲ್ಕು ಅಂದಿದ್ದು.

"ಸೂರ್ಯ ಹುಟ್ಟುವ ಕಡೆ ಪೂರ್ವ" ಅಂದರೆ ಸಾಲದೇ ಅಂತ ಕೇಳಬಹುದು. ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದು ವರ್ಷಕ್ಕೆ ಎರಡೇ ಹೊತ್ತಿನಲ್ಲಿ, ಮಾರ್ಚ್ 21ರ ಆಸುಪಾಸು ಮತ್ತು ಸೆಪ್ಟೆಂಬರ್ 23ರ ಆಸುಪಾಸು. ಉಳಿದ ದಿನ ಆಚೆ ಈಚೆ ಸರಿಯುತ್ತಲೇ ಇರುತ್ತಾನೆ. ಶಾಲೆಯ ಕಿಟಕಿಯಿಂದ ಯಾವ ತೆಂಗಿನಮರದ ಪಕ್ಕ ಬಿಸಿಲು ಬರುತ್ತದೆ ಅಂತ ತಿಂಗಳಿಗೊಂದು ಸಲ ಗುರುತು ಹಾಕಿಸಿ. ವರ್ಷದ ಕೊನೆಗೆ ಅವರಿಗೇ ಕಾಣುತ್ತದೆ.

ಇಲ್ಲಿ ನಾನು ಒಮ್ಮೆ ಸರಿಯಾಗಿ ಸಿಕ್ಕಿಬಿದ್ದಿದ್ದೇನೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಅಂತ ಜೋರಾಗಿ ಹೇಳಿ ಮಕ್ಕಳನ್ನು ಹೊರಗೆ ಕರೆತಂದೆ. ಜೂನ್ ತಿಂಗಳು, ಮೋಡ ಸ್ವಲ್ಪ ಸರಿದಿತ್ತು. ನೆರಳು ಒಂದು ಗೇಣಿಗಿಂತ ಕಡಿಮೆ, ಅದೂ ದಕ್ಷಿಣಕ್ಕೆ! ಆಮೇಲೆ ಕೂತು ಯೋಚಿಸಿದಾಗ ಅರ್ಥವಾಯಿತು. ಬೆಂಗಳೂರು, ಹಾಸನ ಎರಡೂ 13 ಡಿಗ್ರಿ ಅಕ್ಷಾಂಶದ ಹತ್ತಿರ ಇವೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಬರುತ್ತಾನೆ. ಆ ಎರಡು ದಿನ ಮಧ್ಯಾಹ್ನ ನೆಟ್ಟಗಿರುವ ಕೋಲಿಗೆ ನೆರಳೇ ಇರುವುದಿಲ್ಲ, ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುವುದು ಇದೇ. ಆಗಸ್ಟಿನದ್ದು ಶಾಲೆ ನಡೆಯುವಾಗಲೇ ಬರುತ್ತದೆ, ಬಿಡಬೇಡಿ. ಇನ್ನೊಂದು ವಿಷಯ. ನೆರಳು ಅತಿ ಗಿಡ್ಡವಾಗುವುದು ಗಡಿಯಾರದ 12ಕ್ಕಲ್ಲ. ಹಾಸನದಲ್ಲಿ ಸುಮಾರು 12:25ಕ್ಕೆ, ತಿಂಗಳಿಗೆ ತಕ್ಕ ಹಾಗೆ ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ. ಯಾಕೆ ಅಂತ ಈಗಲೇ ಹೇಳಬೇಡಿ, ಬರೆದಿಟ್ಟುಕೊಳ್ಳಲು ಹೇಳಿ.

ದಿಕ್ಕು ಸಿಕ್ಕಿದ ಮೇಲೆ ಹಳೆಯ ಮಾತುಗಳನ್ನೂ ಕೊಡಿ: ಮೂಡಲು, ಪಡುವಲು, ಬಡಗಲು, ತೆಂಕಲು. ಮೂಡುಬಿದಿರೆ, ಪಡುಬಿದ್ರಿ ಅನ್ನುವ ಊರಿನ ಹೆಸರಲ್ಲಿ ಏನಿದೆ, ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಅಂದರೇನು ಅಂತ ಮಕ್ಕಳೇ ಬಿಡಿಸುತ್ತಾರೆ.

ನಕ್ಷೆ ಅಂದರೆ ಹದ್ದು ಕಂಡಿದ್ದು

ನೆಲದ ಮೇಲೆ ಒಂದು ತಂಬಿಗೆ, ಒಂದು ಲೋಟ, ಒಂದು ಬಾಕ್ಸ್ ಇಟ್ಟು ಮಕ್ಕಳನ್ನು ಒಬ್ಬೊಬ್ಬರಾಗಿ ಬೆಂಚಿನ ಮೇಲೆ ನಿಲ್ಲಿಸಿ. ನೇರ ಮೇಲಿಂದ ಕಂಡಿದ್ದನ್ನಷ್ಟೇ ಬರೆಯಬೇಕು. ತಂಬಿಗೆ ಬರೀ ಎರಡು ಉಂಗುರ ಆಗುತ್ತದೆ. ಆಗ ಹಂಚಿನ ಮನೆ ನಕ್ಷೆಯಲ್ಲಿ ಯಾಕೆ ಬರೀ ಚೌಕ ಅಂತ ಹೊಳೆಯುತ್ತದೆ.

ಮುಂದಿನ ದಿನ ಕ್ಲಾಸ್ ರೂಮನ್ನು ಹೆಜ್ಜೆಯಲ್ಲಿ ಅಳೆಸಿ, ಒಂದು ಹೆಜ್ಜೆಗೆ ಪುಸ್ತಕದ ಒಂದು ಚೌಕ ಅಂತ ಬರೆಸಿ. ಇಬ್ಬರ ನಕ್ಷೆ ಒಂದೇ ಅಳತೆಗೆ ಬರುವುದಿಲ್ಲ, ಯಾಕಂದರೆ ಹೆಜ್ಜೆ ಬೇರೆ. ಜಗಳ ಶುರುವಾಗುತ್ತದೆ, ಆಗ ಟೇಪ್ ತನ್ನಿ. ಹಳ್ಳಿ ಮಕ್ಕಳಿಗೆ ಗುಂಟೆಯ ಲೆಕ್ಕ ಹೇಳಿ: 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಆಟದ ಮೈದಾನ ಎಷ್ಟು ಗುಂಟೆ ಅಂತ ಅಳೆದು ಬಂದವರಿಗೆ ವಿಸ್ತೀರ್ಣ ಅನ್ನುವ ಪದ ಭಾರ ಅನ್ನಿಸುವುದಿಲ್ಲ. ಇದಾದ ಮೇಲೆ ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆ ತೋರಿಸಬಹುದು, ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಫೋನಿದ್ದರೆ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ತೋರಿಸಿ. ನಮ್ಮಲ್ಲಿ ಇದಕ್ಕೆ ಸಿಕ್ಕಿದಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಗೋಡೆಗೆ ನೇತು ಹಾಕಿದ ನಕ್ಷೆಯಿಂದ ಶುರು ಮಾಡಬೇಡಿ. ಗೋಡೆಯಲ್ಲಿ ಉತ್ತರ "ಮೇಲೆ", ದಕ್ಷಿಣ "ಕೆಳಗೆ". ಆ ಹುಡುಗ "ಕೆಳಗಡೆ ಸಾ" ಅಂದಿದ್ದು ಇದಕ್ಕೇ ಇರಬೇಕು. ತುಂಗಭದ್ರಾ ಕೂಡ್ಲಿಯಿಂದ ಹರಿಹರ, ಹೊಸಪೇಟೆ ಕಡೆಗೆ ಹೋಗುವುದನ್ನು ನೋಡಿ "ನದಿ ಮೇಲಕ್ಕೆ ಹೇಗೆ ಹರಿಯುತ್ತದೆ?" ಅಂತ ಮಕ್ಕಳು ಕೇಳಿದ್ದಾರೆ. ತಪ್ಪು ಅವರದ್ದಲ್ಲ, ಗೋಡೆಯದ್ದು. ನಕ್ಷೆಯನ್ನು ನೆಲಕ್ಕೆ ಹಾಸಿ, ಕೋಲಿನಿಂದ ಸಿಕ್ಕ ಉತ್ತರಕ್ಕೆ ಹೊಂದಿಸಿ, ಸುತ್ತ ಕೂರಿಸಿ. ಒಂದು ತಿಂಗಳು ನಕ್ಷೆ ಗೋಡೆ ಹತ್ತಬಾರದು.

ನೀರು ಹೇಳಿಕೊಡುವಷ್ಟು ಯಾರೂ ಹೇಳಿಕೊಡುವುದಿಲ್ಲ

ಮಳೆಗಾಲದಲ್ಲಿ ಪಾಠ ನಿಲ್ಲಿಸಿ ಹೊರಗೆ ಕರೆದುಕೊಂಡು ಹೋಗಿ. ಹಂಚಿನ ಮಾಡಿನ ನೆತ್ತಿಯ ಮೇಲೆ ಬಿದ್ದ ಹನಿಗಳಲ್ಲಿ ಒಂದು ಈ ಸೂರಿಗೆ ಇಳಿಯುತ್ತದೆ, ಇನ್ನೊಂದು ಆ ಸೂರಿಗೆ. ಜಲವಿಭಜಕ ಅಂದರೆ ಇಷ್ಟೇ. ಕ್ಲಾಸಿನಲ್ಲಿ ಮಾಡಬೇಕು ಅಂದರೆ ಗಟ್ಟಿ ಹಾಳೆಯನ್ನು ಮುದ್ದೆ ಮಾಡಿ ಅರ್ಧ ಬಿಡಿಸಿ, ಉಬ್ಬಿದ ಏಣುಗಳ ಮೇಲೆ ನೀರಿಗೆ ಕರಗುವ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಬಟ್ಟೆಗೆ ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಮಳೆ ಸುರಿಸಿ. ಬಣ್ಣ ಇಳಿದ ದಾರಿ ಹಳ್ಳ, ಬಣ್ಣ ನಿಂತ ಗುಂಡಿ ಕೆರೆ. ಊರು ಎಲ್ಲಿ ಕಟ್ಟುತ್ತೀರಿ ಅಂತ ಕೇಳಿ. ಮೊದಲನೇ ಸಲ ಎಲ್ಲರೂ ಗುಂಡಿಯ ಪಕ್ಕದಲ್ಲೇ ಮನೆ ಕಟ್ಟಿ ಮುಳುಗಿಸಿಕೊಳ್ಳುತ್ತಾರೆ. ಎರಡನೇ ಸಲ ಸ್ವಲ್ಪ ಏರಿ ಕಟ್ಟುತ್ತಾರೆ, ಕೆರೆ ಯಾಕೆ ಊರಿನ ಆ ಕಡೆಗೇ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ನಿಜವಾದ ನೆತ್ತಿ ನೋಡಬೇಕೆಂದರೆ ಸಕಲೇಶಪುರ ತಾಲ್ಲೂಕಿನ ಬಿಸಿಲೆ ಕಡೆ ಮಂಕನಹಳ್ಳಿ ಇದೆ. ಅಲ್ಲಿ ರಸ್ತೆ ಪಕ್ಕ ಒಂದು ಕಲ್ಲು ನೆಟ್ಟಿದ್ದಾರೆ, ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ. ಗೇಣು ಅಂತರದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ಇನ್ನೊಂದು ಹೇಮಾವತಿ ಸೇರಿ, ಗೊರೂರು ಅಣೆಕಟ್ಟು ಹಾದು, ಕೆಆರ್‌ಎಸ್‌ನಲ್ಲಿ ಕಾವೇರಿಯಾಗಿ, ತಮಿಳುನಾಡಿನ ಪೂಂಪುಹಾರ್ ತನಕ ನಡೆಯಬೇಕು. ಬೆಂಗಳೂರಿನವರು ಇಷ್ಟು ದೂರ ಬರಬೇಕಾಗಿಲ್ಲ. ನಗರದ ನಡುವೆಯೇ ಒಂದು ದಿಬ್ಬ ಹಾದುಹೋಗಿದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ, ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ. ಮಗುವಿನ ಮನೆ ಮುಂದಿನ ಚರಂಡಿ ಯಾವ ಕಡೆಗೆ ಹರಿಯುತ್ತದೆ ಅಂತ ಹುಡುಕಿಸಿ.

ಎತ್ತರವನ್ನು ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡು ಹೇಳಿಕೊಡುತ್ತದೆ. ಊರ ಹೆಸರಿನ ಜೊತೆಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಸಣ್ಣದಾಗಿ ಬರೆದಿರುತ್ತಾರೆ. ಸಕಲೇಶಪುರ ಸುಮಾರು 900 ಮೀಟರ್, ಘಟ್ಟ ಇಳಿದು ಸುಬ್ರಹ್ಮಣ್ಯ ರೋಡ್ ತಲುಪಿದರೆ ನೂರು ಚಿಲ್ಲರೆ. ನಡುವೆ 55 ಕಿಲೋಮೀಟರ್, 57 ಸುರಂಗ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಯೇ ಸಮೋನ್ನತಿ ರೇಖೆ. ಅದನ್ನು ತೋರಿಸಲು ಬೇಸಿನ್‌ನಲ್ಲಿ ಜೇಡಿಮಣ್ಣಿನ ಬೆಟ್ಟ ಮಾಡಿ, ಒಂದೊಂದು ಬೆರಳು ಎತ್ತರಕ್ಕೆ ನೀರು ಹಾಕಿ, ನೀರು ಮುಟ್ಟಿದಲ್ಲೆಲ್ಲ ಕಡ್ಡಿಯಿಂದ ಗೀರಿಸಿ, ಆಮೇಲೆ ಮೇಲಿಂದ ನೋಡಿಸಿ. ಗೆರೆ ಹತ್ತಿರ ಹತ್ತಿರ ಇದ್ದ ಕಡೆ ಕಡಿದು. ಬೆಟ್ಟವನ್ನು ಹಿಂದಿನ ದಿನವೇ ಮಾಡಿ ಒಣಗಿಸಿಡಿ, ಇಲ್ಲದಿದ್ದರೆ ಮೂರನೇ ಸಲ ನೀರು ಹಾಕುವಷ್ಟರಲ್ಲಿ ಬೆಟ್ಟ ಹೋಗಿ ಪಾಯಸ ಆಗಿರುತ್ತದೆ.

ಮಳೆಯ ಲೆಕ್ಕ

ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಆ ತಲೆಯನ್ನೇ ಮಗುಚಿ ಆಲಿಕೆಯ ಹಾಗೆ ಇಡಿ. ತಳ ಡೊಂಕಾಗಿರುವುದರಿಂದ ಮೊದಲು ಸ್ವಲ್ಪ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ. ಮರ, ಗೋಡೆಯಿಂದ ದೂರ ಇಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಬೇಕು, ಹವಾಮಾನ ಇಲಾಖೆಯವರ ಲೆಕ್ಕ 8:30ಕ್ಕೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಚಾವಣಿಗೆ 20 ಮಿಲಿಮೀಟರ್ ಬಿದ್ದರೆ 2,000 ಲೀಟರ್. ಬಿಸಿಯೂಟದ ತಟ್ಟೆ ತೊಳೆಯಲು ನೀರಿಲ್ಲ ಅನ್ನುವ ಶಾಲೆಯ ಮಕ್ಕಳು ಈ ಲೆಕ್ಕ ಕೇಳಿ ಸುಮ್ನೆ ಇರುವುದಿಲ್ಲ.

ಪುಸ್ತಕದಲ್ಲಿ ತಾರೀಕಿನ ಪಕ್ಕ ಮಳೆ ನಕ್ಷತ್ರದ ಅಂಕಣವೂ ಇರಲಿ. 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಶಾಲೆ ತೆರೆಯುವ ಹೊತ್ತಿಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರಾ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಅನ್ನುವಂಥ ಮಾತನ್ನು ಮನೆಯ ಅಜ್ಜಿಯಿಂದ ಕೇಳಿಕೊಂಡು ಬರಲಿ. ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಮಕ್ಕಳ ಪುಸ್ತಕದಲ್ಲಿರುವುದು ಹವಾಮಾನ, ಇವತ್ತಿನದ್ದು. ಅಜ್ಜಿಯ ಗಾದೆಯಲ್ಲಿರುವುದು ಎಷ್ಟೋ ತಲೆಮಾರಿನವರು ನೋಡಿ ನೋಡಿ ತೆಗೆದ ಸರಾಸರಿ, ಅದು ವಾಯುಗುಣ.

ಹಾಗೇ ಸಕಲೇಶಪುರದ ಮಳೆ, ಅರಸೀಕೆರೆಯ ಮಳೆ ಪಕ್ಕಪಕ್ಕ ಬರೆಸಿ. ಒಂದೇ ಜಿಲ್ಲೆ. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತದೆ, ಇಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ, ಪೂರ್ವಕ್ಕೆ ಬರುವಷ್ಟರಲ್ಲಿ ಬರಿಗೈ. ಅಲ್ಲಿ ಕಾಫಿ, ಮೆಣಸು, ಇಲ್ಲಿ ತೆಂಗು, ರಾಗಿ. ಯಾಕೆ ಅಲ್ಲೇ? ಮಕ್ಕಳೇ ಹೇಳಲಿ. ಮಣ್ಣಿನ ಪಾಠವನ್ನೂ ಇಲ್ಲೇ ಸೇರಿಸಿಬಿಡಿ, ನೆಂಟರ ಊರಿಂದ ಒಂದೊಂದು ಹಿಡಿ ಮಣ್ಣು ತಂದರೆ ಕೆಂಪು, ಎರೆ, ಜಂಬಿಟ್ಟಿಗೆ ಮೂರೂ ಮೇಜಿನ ಮೇಲಿರುತ್ತವೆ.

ಈಗ ಗ್ಲೋಬ್

ಇಷ್ಟಾಗುವಾಗ ದಸರಾ ರಜೆ ಮುಗಿದಿರುತ್ತದೆ. ಈಗ ಬೀರು ತೆರೆಯಿರಿ. ಅಕ್ಷಾಂಶಕ್ಕೆ ರಾತ್ರಿಯ ಹೋಂವರ್ಕ್ ಕೊಡಿ: ಉತ್ತರಕ್ಕೆ ತಿರುಗಿ ಕೈ ನೀಡಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಹೆಚ್ಚುಕಮ್ಮಿ ಅಷ್ಟೇ ಆ ಊರಿನ ಅಕ್ಷಾಂಶ. ಹಾಸನದಲ್ಲಿ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ, ಬೀದರಿನಲ್ಲಿ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ.

ಬೀದರ್ ಕಡೆ ಪರಿಚಯದ ಮೇಷ್ಟ್ರು ಯಾರಾದರೂ ಇದ್ದರೆ ಫೋನ್ ಮಾಡಿ. ಒಂದೇ ದಿನ ಎರಡೂ ಕಡೆ ಒಂದು ಮೀಟರ್ ಕೋಲಿನ ಅತಿ ಗಿಡ್ಡ ನೆರಳು ಅಳೆದು, ಕೋಲು, ನೆರಳು ಎರಡನ್ನೂ ಹಾಳೆಯಲ್ಲಿ ಸಣ್ಣ ಅಳತೆಗೆ ಬರೆದು, ಎರಡರ ತುದಿ ಸೇರಿಸಿ ಗೆರೆ ಎಳೆದು, ಕೋಲಿನ ತುದಿಯ ಕೋನವನ್ನು ಕೋನಮಾಪಕದಿಂದ ನೋಡಿ. ಎರಡಕ್ಕೂ ವ್ಯತ್ಯಾಸ ಸುಮಾರು 5 ಡಿಗ್ರಿ. ನಕ್ಷೆಯಲ್ಲಿ ಉತ್ತರ-ದಕ್ಷಿಣದ ನೇರ ದೂರ ಸುಮಾರು 545 ಕಿಲೋಮೀಟರ್, ಬಸ್ಸಿನ ದೂರ ಬೇಡ. ಆ ದೂರವನ್ನು ಈ ಡಿಗ್ರಿಯಿಂದ ಭಾಗಿಸಿ, 360ರಿಂದ ಗುಣಿಸಿದರೆ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ, ಅದೇ ಭೂಮಿಯ ಸುತ್ತಳತೆ. ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ 2,200 ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದೇ ಲೆಕ್ಕ. ಅರ್ಧ ಡಿಗ್ರಿ ತಪ್ಪಿದರೂ ಉತ್ತರ ನಾಲ್ಕು ಸಾವಿರ ಕಿಲೋಮೀಟರ್ ಆಚೀಚೆ ಆಗುತ್ತದೆ, ಬೇಜಾರಾಗಬೇಡಿ, ಇನ್ನೊಂದು ದಿನ ಅಳೆಯಿರಿ.

ರೇಖಾಂಶಕ್ಕೆ ದುಬೈ ಸಾಕು. ಪ್ರತಿ ಶಾಲೆಯಲ್ಲೂ ಅಪ್ಪನೋ ಮಾವನೋ ಗಲ್ಫಿನಲ್ಲಿರುವ ಮಗು ಒಂದಾದರೂ ಇರುತ್ತದೆ. ಇಲ್ಲಿ ಎಂಟು ಗಂಟೆ ಆದಾಗ ಅಲ್ಲಿ ಆರೂವರೆ ಅಂತ ಆ ಮಗುವಿಗೆ ಮೊದಲೇ ಗೊತ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಒಂದೂವರೆ ಗಂಟೆಗೆ ಇಪ್ಪತ್ತೆರಡೂವರೆ. ನಮ್ಮ ಗಡಿಯಾರ ಇಟ್ಟಿರುವುದು ಎಂಬತ್ತೆರಡೂವರೆ ಡಿಗ್ರಿಯ ಗೆರೆಗೆ. ಅದರಲ್ಲಿ ಕಳೆದರೆ 60. ಗ್ಲೋಬಿನಲ್ಲಿ ಬೆರಳಿಟ್ಟು ನೋಡಿದರೆ ದುಬೈ 60ರ ಮೇಲಿಲ್ಲ, 55ರ ಹತ್ತಿರ ಇದೆ. ಮಕ್ಕಳು ಬಿಡುವುದಿಲ್ಲ, ಕೇಳುತ್ತಾರೆ. ಆಗ ಜೂನಿನಲ್ಲಿ ಬರೆದಿಟ್ಟುಕೊಂಡ ಪುಟ ತೆಗೆಸಿ: ಹಾಸನ ಇರುವುದು 76 ಡಿಗ್ರಿಯಲ್ಲಿ, ಗಡಿಯಾರದ ಗೆರೆಗಿಂತ ಆರೂವರೆ ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಲಿ, ನೆರಳು 12:25ರ ತನಕ ಯಾಕೆ ಕಾಯಿಸಿತು ಅಂತ ಅವರೇ ಕಂಡುಕೊಳ್ಳುತ್ತಾರೆ. ದುಬೈಯೂ ಹಾಗೇ, ತನ್ನ ಗಡಿಯಾರದ ಗೆರೆಗಿಂತ ಪಶ್ಚಿಮಕ್ಕಿದೆ.