ಹಸಿ ಕಸ ಮನೆಯಲ್ಲೇ ಗೊಬ್ಬರವಾಗಲಿ

ಪರಿಸರ ಉಳಿಸೋಕೆ ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ಅಡುಗೆಮನೆಯ ಕಸದ ಬುಟ್ಟಿಯಿಂದ ಅನ್ನುತ್ತೇನೆ. ಮೈಸೂರಿನ ಕುವೆಂಪುನಗರದ ನಮ್ಮ ಬಾಡಿಗೆ ಮನೆಗೆ ಹಿತ್ತಲಿಲ್ಲ. ಮೆಟ್ಟಿಲ ಕೆಳಗಿನ ಜಾಗವೇ ಸಾಕಾಗಿದೆ.

20 ಲೀಟರಿನ ಹಳೇ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು, ತಳಕ್ಕೂ ಪಕ್ಕಕ್ಕೂ ತೂತು ಹಾಕಿ, ಎರಡು ಇಟ್ಟಿಗೆ ಮೇಲೆ ಕೂರಿಸಿ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ತರಗೆಲೆ. ನಾನು ಬೀದಿಯ ಹೊಂಗೆ ಮರದ ಎಲೆ ಗುಡಿಸಿ ಚೀಲಕ್ಕೆ ತುಂಬಿಡುತ್ತೇನೆ. ಅದಕ್ಕೆ ಬೆಂಕಿ ಹಚ್ಚುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ತರಕಾರಿ ಸಿಪ್ಪೆ, ಕಾಫಿ ಚರಟ, ದೇವರ ಮುಡಿಯಿಂದ ತೆಗೆದ ಬಾಡಿದ ಮಲ್ಲಿಗೆ, ಎಲ್ಲ ಹಾಕಿ. ಎಣ್ಣೆ, ಮೂಳೆ, ಮಿಕ್ಕ ಸಾರು ಬೇಡ. ಪ್ರತಿ ಸಲವೂ ಕಸದ ಎರಡರಷ್ಟು ತರಗೆಲೆ ಮುಚ್ಚಬೇಕು. ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ, ಗಾಳಿಯಾಡದಿದ್ದರೆ ನಾತ ಹೊಡೆಯುತ್ತದೆ. ಹಿಡಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ ಸೇರಿಸಿ. ಬಿಳಿ ಹುಳು ಕಂಡರೆ ಹೆದರಬೇಡಿ, ಅವೂ ಕೆಲಸ ಮಾಡುತ್ತಿವೆ.

ಬಕೆಟ್ ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಟ್ಟು, ಮಣ್ಣಿನ ವಾಸನೆ ಬಂದಾಗ ಜರಡಿ ಹಿಡಿದು ಕರಿಬೇವಿನ ಕುಂಡಕ್ಕೆ ಹಾಕಿ.

ದೇವರಾಜ ಮಾರುಕಟ್ಟೆಗೆ ಹೊರಟಾಗ ಬಟ್ಟೆ ಚೀಲ ಮರೆಯಬೇಡಿ. ಪ್ಲಾಸ್ಟಿಕ್ ಕೈಚೀಲ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ.